ಓಡಿಸುವವನ ಬೆನ್ನು

ನಾನು ಕೊಂದಿಲ್ಲ, ಓಡಿಸಿದ್ದೇನೆ.
ಹಳೆ ಹೊಂಡಾ, ನಂಬರ್ ಪ್ಲೇಟಿಗೆ ಕೆಸರು,
ಇಬ್ಬರಿಗೂ ಕಪ್ಪು ಗಾಜಿನ ಹೆಲ್ಮೆಟ್ಟು.
ಕೋಪ್ ಹಿಂದೆ ಕೂರುತ್ತಿದ್ದ.
ಕೆಲಸದ ಹೊತ್ತಿನಲ್ಲಿ ಅವನ ಮುಖ ನಾನು ಕಂಡವನೇ ಅಲ್ಲ.
ನನಗೆ ಗೊತ್ತಿದ್ದದ್ದು ಸೊಂಟದ ಮೇಲಿನ ಅವನ ಎಡಗೈ.
ಬಲಗೈ ಜಾಕೀಟಿನೊಳಗೆ.

ಕೋಪ್ ಅಂದರೆ ನಮ್ಮಲ್ಲಿ ಕಪ್ಪೆ.
ಹುಟ್ಟಿದಾಗ ಬಲು ಮುದ್ದಾಗಿದ್ದನಂತೆ;
ದೆವ್ವಗಳು ಆಸೆಪಟ್ಟಾವು ಎಂದು ಅವನಮ್ಮ ಕಪ್ಪೆ ಎಂದಳು.
ಕಪ್ಪೆಯನ್ನು ಯಾರು ಹೊತ್ತೊಯ್ಯುತ್ತಾರೆ?
ದೆವ್ವಗಳು ಮೋಸಹೋದವು.
ಬೇರೆಯವರು ಒಯ್ದರು.

ಪೆಚ್ಚಬುರಿ ತಾಳೆಬೆಲ್ಲಕ್ಕೆ ಹೆಸರಾದ ಊರು.
ಇನ್ನೊಂದು ಕಸುಬೂ ಇದೆ, ಅದಕ್ಕೆ ಬೋರ್ಡು ಹಾಕುವುದಿಲ್ಲ.

ಪ್ರತಿ ಕೆಲಸದ ಬೆಳಿಗ್ಗೆ, ಗುಡಿಯ ಕೆಳಗೆ, ಹೊಳೆಯ ಮೆಟ್ಟಿಲಲ್ಲಿ
ಚಮ್ನಿಯನ್ ಅಜ್ಜಿಯ ಹತ್ತಿರ ಒಂದು ಹಾವುಮೀನು ಕೊಳ್ಳುತ್ತಿದ್ದ.
ಇಪ್ಪತ್ತು ಬಾತ್. ಪ್ಲಾಸ್ಟಿಕ್ ಚೀಲ, ಬೊಗಸೆ ನೀರು,
ನೀರಿನಲ್ಲಿ ಸುತ್ತಿಕೊಂಡ ಒಂದು ಕಪ್ಪು ಪ್ರಾಣ.
ಮಂಡಿಯೂರಿ ಏನೋ ಗೊಣಗಿ ಬಿಡುತ್ತಿದ್ದ.
ಒಂದು ತೆಗೆಯುವ ಮುಂಚೆ ಒಂದು ಬಿಟ್ಟರೆ ಲೆಕ್ಕ ಚುಕ್ತಾ,
ಅನ್ನುತ್ತಿದ್ದ, ನಗದೆ, ಅಂಗಡಿಯವನ ಹಾಗೆ.

ನಾನು ಎಂಜಿನ್ ಆರಿಸದೆ ಮೇಲೆ ಕಾಯುತ್ತಿದ್ದೆ.
ಮೇಲಿನಿಂದ ಕಾಣುತ್ತಿತ್ತು:
ಮೂವತ್ತು ಮಾರು ಕೆಳಗೆ, ಸೇತುವೆಯ ನೆರಳಿನಲ್ಲಿ,
ಅಜ್ಜಿಯ ಮೊಮ್ಮಗ ತಾನ್. ಮೊಣಕಾಲುದ್ದ ನೀರು, ಕೈಯಲ್ಲಿ ಬಲೆ.
ಸಂಜೆಗೆ ಅದೇ ಹಾವುಮೀನು ಅದೇ ಬಕೆಟ್ಟಿನಲ್ಲಿ.
ಬಾಲದ ಹತ್ತಿರ ಗಾಯದ ಗುರುತಿದ್ದ ಒಂದನ್ನು
ಕೋಪ್ ನಾಲ್ಕು ಸಲ ಬಿಡಿಸಿದ್ದಾನೆ.
ನಾಲ್ಕು ಹೆಣಕ್ಕೆ ಒಂದೇ ಮೀನು.
ಹೇಳಲಿಲ್ಲ ನಾನು. ಹೇಳಬೇಕಿತ್ತೆ?
ಅವನ ನಿದ್ದೆ ಅಷ್ಟರ ಮೇಲೆ ನಿಂತಿತ್ತು,
ನನ್ನ ಅನ್ನ ಅವನ ನಿದ್ದೆಯ ಮೇಲೆ.

ಕಡೆಯ ಲಕೋಟೆಯಲ್ಲಿ ಒಬ್ಬ ಮೇಷ್ಟ್ರು. ಪ್ರಚೂಪ್ ಅಂತ.
ಸಿಯಾ ವಿಚಾನನ ಬೇಲಿ ಸರಕಾರಿ ನೆಲದಲ್ಲಿದೆ ಎಂದು
ಕಾಗದಪತ್ರ ಹಿಡಿದು ಕೋರ್ಟು ಹತ್ತಿದ್ದನಂತೆ.
ಫೋಟೋದ ಹಿಂದೆ, ಗುರುತಿಗೆ, ಪೆನ್ಸಿಲಿನಲ್ಲಿ,
ಮನೆಯವರು ಕರೆಯುವ ಹೆಸರು:
ಕೋಪ್.
ಅವನು ಓದಿದ. ತಿರುಗಿಸಿ ಮುಖ ನೋಡಿದ. ಮತ್ತೆ ತಿರುಗಿಸಿ ಓದಿದ.
"ಇವನ ಅಮ್ಮನಿಗೂ ಹೆದರಿಕೆ ಇತ್ತು," ಅಂದ.

ಬಾನ್ ಲೇಮ್ ದಾರಿ. ಎರಡೂ ಕಡೆ ಉಪ್ಪಿನ ಗದ್ದೆ,
ಆಕಾಶ ನೆಲಕ್ಕಿಳಿದು ಚೌಕ ಚೌಕವಾಗಿ ಒಣಗುತ್ತಿದೆ.
ಮೇಷ್ಟ್ರು ತಲೆಗೆ ಚೌಕಳಿ ಬಟ್ಟೆ ಸುತ್ತಿ, ಬಗ್ಗಿ, ಉಪ್ಪು ಗೋರುತ್ತಿದ್ದ.
ಎರಡನೇ ಗೇರಿಗೆ ಇಳಿಸಿದೆ, ಎಂದಿನ ಹಾಗೆ.
ಸೊಂಟದ ಮೇಲಿನ ಕೈ ನಡುಗಲಿಲ್ಲ, ಸುಳ್ಳು ಹೇಳಲಾರೆ.
ಭಾರವಾಯಿತು, ಅಷ್ಟೆ,
ನಿದ್ದೆ ಹೋದ ಮಗುವಿನ ಕೈಯಂತೆ.
ದಾರಿ ತಪ್ಪಿದವರಿರಬೇಕೆಂದು ಮೇಷ್ಟ್ರು ತಲೆಯೆತ್ತಿ
ಎಡಕ್ಕೆ ಕೈ ಚಾಚಿದ: ಸಮುದ್ರ ಆ ಕಡೆ.
"ಹೋಗು," ಅಂದ ಕೋಪ್.
ಆ ಮಾತು ಯಾವಾಗಲೂ ಸದ್ದಿನ ನಂತರ ಬರುವುದು.
ಅವತ್ತು ಸದ್ದಿಲ್ಲದೆ ಬಂತು.

ಪಿಸ್ತೂಲು ಕಚ್ಚಿಕೊಂಡಿತು ಎಂದೆವು.
ಮೊದಲ ಸಲ ಕೇಳಿದಾಗ ನಾನೂ ಹಾಗೇ ಹೇಳಿದೆ.
ಎರಡನೇ ಸಲ ಕೇಳಿದಾಗ
ಸುಮ್ಮನಿದ್ದೆ.

ಐದನೇ ದಿನ ಲಕೋಟೆ ನನ್ನ ಕೈಗೇ ಬಂತು.
ಮೆಟ್ಟಿಲ ಮೇಲೆ ಮಂಡಿಯೂರಿದ ಕೋಪ್, ಕೈಯಲ್ಲಿ ಚೀಲ;
ಮೂಲೆಯಲ್ಲಿ ನನ್ನ ಹೊಂಡಾದ ಕನ್ನಡಿ, ಅರ್ಧ.
ಓಡಿಸಿದ್ದು ಸಾಕು, ಇನ್ನು ಹಿಂದೆ ಕೂರು, ಅಂದರು.

ಇವತ್ತು ಬೆಳಿಗ್ಗೆ ಅಜ್ಜಿಯ ಬಕೆಟ್ಟಿನಲ್ಲಿ
ಬಾಲಕ್ಕೆ ಗುರುತಿದ್ದದ್ದನ್ನೇ ಹುಡುಕಿ ತೆಗೆಸಿದೆ.
ಬಿಡುವ ಮುಂಚೆ ಸೇತುವೆ ಕೆಳಗಿಳಿದು ಹುಡುಗನಿಗೆ ನೂರು ಬಾತ್ ಕೊಟ್ಟು
ಇವತ್ತೊಂದು ದಿನ ಬಲೆ ಮಡಚು ಎಂದೆ.
ಮಡಚಿದ. ನೋಟನ್ನು ಬಿಸಿಲಿಗೆ ಹಿಡಿದು ನೋಡಿ ಜೇಬಿಗಿಟ್ಟ.
ಆಮೇಲೆ, ದುಡ್ಡು ತಗೊಂಡ ಮೇಲೆ ನಿಜ ಹೇಳಬೇಕಲ್ಲ ಎನ್ನುವಂತೆ,
"ಅಣ್ಣ, ಕೆಳಗಿನ ತಿರುವಿನಲ್ಲಿ ನಮ್ಮ ಮಾವ ಇದ್ದಾನೆ.
ಅವನದು ದೊಡ್ಡ ಬಲೆ."